ಬೀಜದ ಟಗರಿನ ಆಯ್ಕೆ: ಮರಿಯ ಮೊದಲ ಆರು ತಿಂಗಳ ಬೆಳವಣಿಗೆ

ಗದಗ ಜಿಲ್ಲೆಯ ನರಗುಂದ ಮತ್ತು ರೋಣ ತಾಲ್ಲೂಕುಗಳ ಎರೆಭೂಮಿಯಲ್ಲಿಯೂ, ರೋಣದಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ಗಜೇಂದ್ರಗಡದ ಗುಡ್ಡ ಹಾಗೂ ಮಸಾರಿ ಭೂಮಿಯಲ್ಲಿಯೂ ಒಕ್ಕಲುತನದ ಜೊತೆಗೆ ಕುರಿ ಸಾಕಣೆ ಹಿಂದಿನಿಂದ ನಡೆದು ಬಂದಿದೆ. ಹಿಂಗಾರಿ ಜೋಳ, ಕಡಲೆ, ಕುಸುಬೆಗಳ ಸುಗ್ಗಿಯಾದ ಮೇಲೆ ಕುರಿ ಹಿಂಡುಗಳು ಹೊಲದಿಂದ ಹೊಲಕ್ಕೆ ಸಾಗುತ್ತವೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡ ರೈತನಿಗೆ ಹಿಕ್ಕೆ ಗೊಬ್ಬರ ದೊರೆಯುತ್ತದೆ. ಕುರಿಗಾರನಿಗೆ ಕಾಳು ಅಥವಾ ಹಣ ದೊರೆಯುತ್ತದೆ. ಮಳೆ ಕೈಕೊಟ್ಟ ವರ್ಷ ಮನೆತನವನ್ನು ದಾಟಿಸುವುದು ಬಹುಮಟ್ಟಿಗೆ ಕುರಿಯೇ.

ಬೇಸಾಯಶಾಸ್ತ್ರ ಕಲಿಸುವ ನನಗೆ ಕುರಿಯ ಪರಿಚಯವಾದದ್ದೂ ಹೀಗೆ ಗೊಬ್ಬರದ ಮೂಲಕವೇ. ಗಜೇಂದ್ರಗಡದ ಕಡೆಯ ಒಬ್ಬ ಹಿರಿಯ ಕುರಿಗಾರರ ಹಿಂಡು ರೋಣ ತಾಲ್ಲೂಕಿನ ಒಂದು ಹೊಲದಲ್ಲಿ ನಿಂತಿತ್ತು. ಗೊಬ್ಬರದ ಮಾತು ಮುಗಿದ ಮೇಲೆ, ಹಿಂಡಿನ ಟಗರು ಅಷ್ಟೇನೂ ಮೈಕಟ್ಟಿಲ್ಲದ್ದನ್ನು ಕಂಡು, "ಅಜ್ಜಾರ, ಈ ಟಗರನ್ನ ಎಲ್ಲಿಂದ ತಂದ್ರಿ?" ಎಂದು ಕೇಳಿದೆ.

"ತಂದಿದ್ದಲ್ಲರೀ ಸಾಹೇಬ್ರ, ನಮ್ಮ ಹಿಂಡಿನಾಗ ಹುಟ್ಟಿದ್ದು. ಚಲೋ ಮರಿಯೆಲ್ಲಾ ಸಂತಿಗೆ ಹೋದ್ವು. ಇದೊಂದು ಸಣ್ಣದಿತ್ತು, ಯಾರೂ ಕೇಳಲಿಲ್ಲ, ಉಳೀತು. ಈಗ ಅದಽ ಟಗರು" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವರೇ, "ಮೊದಲಿನಂಥಾ ಕುರಿ ಈಗೆಲ್ಲಿ ಅದಾವರೀ, ವರ್ಷಾ ವರ್ಷಾ ಸಣ್ಣಾಗಾಕತ್ತಾವು" ಎಂದರು.

ಈ ಎರಡು ಮಾತುಗಳಿಗೂ ನೇರವಾದ ಸಂಬಂಧವಿದೆ. ಆ ಸಂಬಂಧವನ್ನು ತಿಳಿಸಿ, ಹಿಂಡಿನ ಮುಂದಿನ ಪೀಳಿಗೆಗೆ ತಂದೆಯಾಗಬೇಕಾದ ಗಂಡು ಮರಿಯನ್ನು ಅದರ ಎಳೆಯ ವಯಸ್ಸಿನ ಬೆಳವಣಿಗೆಯಿಂದ ಗುರುತಿಸುವ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬೀಜದ ತೆನೆ ಮತ್ತು ಬೀಜದ ಟಗರು

ಜೋಳದ ರಾಶಿ ಮಾಡುವ ಮೊದಲು ತುಂಬಿದ ತೆನೆಗಳನ್ನು ಆರಿಸಿ ಬೀಜಕ್ಕೆಂದು ಎತ್ತಿಡುವ ಪದ್ಧತಿ ನಮ್ಮ ಒಕ್ಕಲು ಮನೆತನಗಳಲ್ಲಿ ತಲೆಮಾರುಗಳಿಂದ ಇದೆ. ಒಳ್ಳೆಯ ತೆನೆಯನ್ನೆಲ್ಲ ಪೇಟೆಗೆ ಕಳಿಸಿ, ಜೊಳ್ಳು ತೆನೆಯನ್ನು ಬಿತ್ತನೆಗೆ ಉಳಿಸಿಕೊಳ್ಳುವ ರೈತನನ್ನು ಊರೇ ನಗುತ್ತದೆ. ಆದರೆ ಕುರಿಯ ವಿಷಯದಲ್ಲಿ ನಾವು ಮಾಡುತ್ತಿರುವುದು ಇದನ್ನೇ. ಮೂರು ನಾಲ್ಕು ತಿಂಗಳಿಗೇ ದುಂಡಗೆ ಬೆಳೆದ ಗಂಡು ಮರಿ ಅಮೀನಗಡ ಇಲ್ಲವೆ ಕೆರೂರಿನ ಸಂತೆಯಲ್ಲಿ ಮೊದಲು ಮಾರಾಟವಾಗುತ್ತದೆ. ಜಾತ್ರೆ ಮತ್ತು ಬಕ್ರೀದ ಹಬ್ಬದ ಬೇಡಿಕೆಯೂ ಒಳ್ಳೆಯ ಗಂಡು ಮರಿಗಳ ಮೇಲೆಯೇ ಬೀಳುತ್ತದೆ. ಬೇಗ ಬೆಳೆಯುವ ಗುಣವಿರುವ ಮರಿ, ಆ ಗುಣದ ಕಾರಣದಿಂದಲೇ, ಸಂತಾನ ಪಡೆಯುವ ಮುನ್ನ ಹಿಂಡು ಬಿಟ್ಟು ಹೋಗುತ್ತದೆ. ನಿಧಾನವಾಗಿ ಬೆಳೆಯುವ ಮರಿ ಉಳಿದು ಟಗರಾಗುತ್ತದೆ.

ಇದನ್ನು ತಳಿಶಾಸ್ತ್ರದಲ್ಲಿ ಹಿಮ್ಮುಖ ಆಯ್ಕೆ ಎನ್ನಬಹುದು. ಕುರಿ ಸಣ್ಣದಾಗುವುದಕ್ಕೆ ಗೋಮಾಳಗಳು ಕಡಿಮೆಯಾದದ್ದು, ಮೇವಿನ ಕೊರತೆ, ಜಂತುಬಾಧೆ ಮೊದಲಾದ ಕಾರಣಗಳೂ ಇವೆ. ಇವುಗಳಲ್ಲಿ ಕೆಲವು ಕುರಿಗಾರನ ಕೈಯಲ್ಲಿಲ್ಲ. ಆದರೆ ಯಾವ ಗಂಡು ಮರಿಯನ್ನು ಉಳಿಸಿಕೊಳ್ಳಬೇಕೆಂಬುದು ಪೂರ್ತಿಯಾಗಿ ಅವನ ಕೈಯಲ್ಲಿದೆ. ಒಂದು ತಾಯಿ ಕುರಿ ವರ್ಷಕ್ಕೆ ಒಂದೆರಡು ಮರಿ ಕೊಟ್ಟರೆ, 25 ರಿಂದ 30 ಕುರಿಗಳಿಗೆ ಬಿಟ್ಟ ಒಂದು ಟಗರು ಆ ವರ್ಷದ ಎಲ್ಲ ಮರಿಗಳಿಗೂ ತಂದೆ. ಆದ್ದರಿಂದ ಹಿಂಡಿನ ಸುಧಾರಣೆ ಟಗರಿನ ಆಯ್ಕೆಯಿಂದಲೇ ಆರಂಭವಾಗಬೇಕು.

ಬೆಳವಣಿಗೆಯಲ್ಲಿ ವಂಶದ ಪಾಲು ಎಷ್ಟು?

ಮಾಂಸಕ್ಕಾಗಿ ದನ ಸಾಕುವ ದೇಶಗಳಲ್ಲಿ ಹೋರಿಗಳ ಆಯ್ಕೆ ಈ ತತ್ತ್ವದ ಮೇಲೆಯೇ ನಡೆಯುತ್ತದೆ. ಅಮೆರಿಕದಲ್ಲಿ ಹೋರಿಗರುವಿನ ಹುಟ್ಟು ತೂಕ, ಹಾಲು ಬಿಡಿಸುವಾಗಿನ ತೂಕ ಮತ್ತು ಒಂದು ವರ್ಷದ ತೂಕ ಈ ಮೂರನ್ನೂ ದಾಖಲಿಸುತ್ತಾರೆ. ಹಾಲು ಬಿಡಿಸುವ ತೂಕವನ್ನು 205 ದಿನಕ್ಕೂ, ವರ್ಷದ ತೂಕವನ್ನು 365 ದಿನಕ್ಕೂ ಸರಿಹೊಂದಿಸಿ ಲೆಕ್ಕ ಹಾಕುತ್ತಾರೆ. ಆಸ್ಟ್ರೇಲಿಯಾದಲ್ಲಿ 1985ರಲ್ಲಿ ದನಗಳಿಗೆ ಇಂಥ ರಾಷ್ಟ್ರೀಯ ಲೆಕ್ಕದ ಪದ್ಧತಿ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಕುರಿಗಳಿಗೂ ಅದೇ ಬಗೆಯ ಪದ್ಧತಿ ಬಂದಿತು. ಸ್ವಂತ ತೂಕದ ಜೊತೆಗೆ ತಂದೆ, ತಾಯಿ, ಒಡಹುಟ್ಟುಗಳ ತೂಕವನ್ನೂ ಸೇರಿಸಿ ಪ್ರತಿ ಪ್ರಾಣಿಯ ತಳಿಮೌಲ್ಯವನ್ನು ಅಂದಾಜು ಮಾಡುವ ಗಣಿತವನ್ನು ರೂಪಿಸಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೆಂಡರ್ಸನ್. ಇಂದು ಆ ಲೆಕ್ಕವನ್ನು ಗಣಕಯಂತ್ರಗಳು ಮಾಡುತ್ತವೆ.

ಓದುಗರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಅಮೆರಿಕದ ಬ್ರಾಹ್ಮನ್ ಎಂಬ ಮಾಂಸದ ದನದ ತಳಿಯನ್ನು ಕಟ್ಟಲು ಭಾರತದ ಗಿರ್, ಕಾಂಕ್ರೇಜ್, ಓಂಗೋಲ್ ತಳಿಗಳ ಜೊತೆಗೆ ಕೃಷ್ಣಾ ಕಣಿವೆ ತಳಿಯ ರಕ್ತವೂ ಸೇರಿದೆ. ಮಲಪ್ರಭೆಯ ಎರೆಭೂಮಿಯನ್ನು ಉತ್ತ ದನಗಳ ತಳಿಯದು. ನಮ್ಮ ನೆಲದ ತಳಿ ಅಲ್ಲಿ ತೂಕದ ಪುಸ್ತಕದೊಳಗೆ ಸೇರಿತು. ನಮ್ಮಲ್ಲಿ ಆ ಪುಸ್ತಕವೇ ಇಲ್ಲ. ನಮ್ಮ ಭಾಗದಲ್ಲಿ ದನ ಸಾಕುವುದು ಉಳುಮೆಗೆ ಮತ್ತು ಹಾಲಿಗೆ. ಮಾಂಸಕ್ಕಾಗಿ ಸಾಕುವುದು ಕುರಿ ಮತ್ತು ಆಡು. ಆದ್ದರಿಂದ ಆ ಪಾಠ ನಮಗೆ ಮೊದಲು ಉಪಯೋಗಕ್ಕೆ ಬರುವುದು ಟಗರಿನ ಆಯ್ಕೆಯಲ್ಲಿ.

ಒಂದೇ ಹಿಂಡಿನ ಮರಿಗಳ ತೂಕ ಒಂದೇ ಆಗಿರುವುದಿಲ್ಲ. ಈ ಹೆಚ್ಚು ಕಡಿಮೆಗೆ ಮೇವು, ತಾಯಿಯ ಹಾಲು, ಹುಟ್ಟಿದ ಹಂಗಾಮು, ಕಾಯಿಲೆ ಮೊದಲಾದವು ಕಾರಣ. ತಂದೆ ತಾಯಿಗಳಿಂದ ಬಂದ ವಂಶಗುಣವೂ ಕಾರಣ. ಕುರಿಗಳ ಎಳೆಯ ವಯಸ್ಸಿನ ತೂಕದಲ್ಲಿ ಕಾಣುವ ವ್ಯತ್ಯಾಸದ ನೂರರಲ್ಲಿ ಸುಮಾರು 15 ರಿಂದ 30 ಪಾಲು ಮಾತ್ರ ವಂಶದಿಂದ ಬಂದದ್ದೆಂದು ಬೇರೆ ಬೇರೆ ತಳಿಗಳ ಮೇಲಿನ ಅಧ್ಯಯನಗಳಿಂದ ತಿಳಿದುಬಂದಿದೆ. ಇದನ್ನು ಅನುವಂಶೀಯ ಪ್ರಮಾಣ ಎನ್ನುತ್ತಾರೆ. ಉಳಿದ ಪಾಲು ಪರಿಸರದ್ದು. ಇದರಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಮೊದಲನೆಯದು, ತೂಕ ನೋಡಿ ಟಗರನ್ನು ಆರಿಸಿದರೆ ಫಲ ಖಂಡಿತ ಇದೆ. ಎರಡನೆಯದು, ಕಣ್ಣಿಗೆ ದೊಡ್ಡದಾಗಿ ಕಂಡ ಮರಿಯೆಲ್ಲ ಒಳ್ಳೆಯ ಬೀಜವಲ್ಲ.

ಮೂರು ತೂಕಗಳು, ಮೂರು ಅರ್ಥಗಳು

1. ಹುಟ್ಟು ತೂಕ: ಮರಿ ಹುಟ್ಟಿದ 24 ಗಂಟೆಗಳೊಳಗೆ ತೆಗೆದುಕೊಳ್ಳಬೇಕು. ನಮ್ಮ ದಖ್ಖನಿ ಕುರಿಯ ಮರಿಗಳು ಹುಟ್ಟುವಾಗ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಕಿ.ಗ್ರಾಂ. ಸುಮಾರು ತೂಗುತ್ತವೆ. ಈ ತೂಕ ಬಹುಪಾಲು ಗರ್ಭದಲ್ಲಿದ್ದಾಗ ತಾಯಿಗೆ ದೊರೆತ ಮೇವಿನ ಕನ್ನಡಿ. ತೀರ ಹಗುರಾದ ಮರಿ ಬದುಕುವುದು ಕಷ್ಟ. ಹಾಗೆಂದು ಹುಟ್ಟು ತೂಕ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ತಿಳಿಯಬಾರದು. ವಿದೇಶಗಳಲ್ಲಿ ವರ್ಷದ ತೂಕವೊಂದನ್ನೇ ನೋಡಿ ಹೋರಿಗಳನ್ನು ಆರಿಸಿದಾಗ ಕರುಗಳ ಹುಟ್ಟು ತೂಕವೂ ಏರಿ, ಹಸುಗಳಿಗೆ ಈಯುವಾಗ ತೊಂದರೆ ಹೆಚ್ಚಾಯಿತು. ಅಂದಿನಿಂದ ಸಾಧಾರಣ ತೂಕದಲ್ಲಿ ಹುಟ್ಟಿ, ಅನಂತರ ಬೇಗ ಬೆಳೆಯುವ ಹೋರಿಗಳನ್ನು ಹುಡುಕುತ್ತಾರೆ. ನಾವೂ ಹುಟ್ಟು ತೂಕವನ್ನು ಲೆಕ್ಕಕ್ಕೆ ಆಧಾರವಾಗಿ ಇಟ್ಟುಕೊಳ್ಳಬೇಕೇ ಹೊರತು ಆಯ್ಕೆಗೆ ಅಳತೆಗೋಲಾಗಿ ಅಲ್ಲ.

2. ಮೂರು ತಿಂಗಳ ತೂಕ: ಇದು ಮರಿಗೆ ಹಾಲು ಬಿಡಿಸುವ ಕಾಲ. ಈ ತೂಕದಲ್ಲಿ ಮರಿಯ ಸ್ವಂತ ಗುಣದ ಜೊತೆಗೆ ತಾಯಿಯ ಹಾಲಿನ ಪಾಲು ದೊಡ್ಡದು. ಹಾಲು ಹೆಚ್ಚಿರುವ ಕುರಿಯ ಮರಿ ದುಂಡಗಿರುತ್ತದೆ. ಚೊಚ್ಚಲು ಕುರಿಯ ಮರಿಯೂ ಅವಳಿ ಮರಿಗಳೂ ಹಿಂದೆ ಬೀಳುತ್ತವೆ. ಅದು ಆ ಮರಿಗಳ ತಪ್ಪಲ್ಲ. ಆದ್ದರಿಂದ ಮೂರು ತಿಂಗಳ ತೂಕದಿಂದ ಅಂತಿಮ ತೀರ್ಮಾನ ಮಾಡಬಾರದು. ಇದು ಮೊದಲ ಜರಡಿ ಮಾತ್ರ.

3. ಆರು ತಿಂಗಳ ತೂಕ: ಹಾಲು ಬಿಟ್ಟ ಮೇಲೆ ಮರಿ ತನ್ನ ಹಲ್ಲಿನಿಂದ ಮೇದು, ತನ್ನ ಕಾಲಿನಿಂದ ನಡೆದು ಬೆಳೆಯುತ್ತದೆ. ತಾಯಿಯ ಹಾಲಿನ ಪ್ರಭಾವ ಪೂರ್ತಿ ಅಳಿಯದಿದ್ದರೂ ಬಹಳಷ್ಟು ಕಡಿಮೆಯಾಗುತ್ತದೆ. ನಮ್ಮ ಬಿಸಿಲು, ನಮ್ಮ ಕಳ್ಳಿ ಕಂಟಿ, ನಮ್ಮ ಬೀಳು ಭೂಮಿಯ ಹುಲ್ಲಿನಲ್ಲಿ ಯಾವ ಮರಿ ತೂಕ ಹೆಚ್ಚಿಸಿಕೊಂಡಿತೆಂಬುದು ಇಲ್ಲಿ ತಿಳಿಯುತ್ತದೆ. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಆಶ್ರಯದಲ್ಲಿ ದೇಶದ ಹಲವೆಡೆ ಕುರಿ ಸುಧಾರಣಾ ಜಾಲ ಯೋಜನೆ ನಡೆದುಬಂದಿದೆ. ದಖ್ಖನಿ ಕುರಿಯ ಘಟಕ ಮಹಾರಾಷ್ಟ್ರದ ರಾಹುರಿ ಕೃಷಿ ವಿದ್ಯಾಪೀಠದಲ್ಲಿದೆ. ಇಂಥ ಘಟಕಗಳಲ್ಲಿಯೂ ಬೀಜದ ಟಗರುಗಳ ಆಯ್ಕೆಗೆ ಆರು ತಿಂಗಳ ತೂಕವೇ ಮುಖ್ಯ ಆಧಾರ.

ಸರಿಯಾಗಿ ಹೋಲಿಸುವುದು ಹೇಗೆ?

ಬೆಳೆಯ ಪ್ರಯೋಗದಲ್ಲಿ ಒಂದು ತಾಕಿನಲ್ಲಿ ಅಣ್ಣಿಗೇರಿ-1 ಕಡಲೆಯನ್ನು ಆಳವಾದ ಎರೆಯಲ್ಲಿ ಬಿತ್ತಿ, ಇನ್ನೊಂದು ತಳಿಯನ್ನು ತೆಳುವಾದ ಮಸಾರಿಯಲ್ಲಿ ಬಿತ್ತಿ, "ಅಣ್ಣಿಗೇರಿ ಹೆಚ್ಚು ಇಳುವರಿ ಕೊಟ್ಟಿತು" ಎಂದರೆ ಯಾರೂ ಒಪ್ಪುವುದಿಲ್ಲ. ಹೆಚ್ಚು ಕೊಟ್ಟದ್ದು ತಳಿಯೋ ಭೂಮಿಯೋ ತಿಳಿಯುವುದಿಲ್ಲ. ಒಂದೇ ಬಗೆಯ ಭೂಮಿ, ಒಂದೇ ದಿನದ ಬಿತ್ತನೆ, ಒಂದೇ ಗೊಬ್ಬರವಿದ್ದಾಗ ಮಾತ್ರ ಹೋಲಿಕೆ ನ್ಯಾಯವಾದದ್ದು. ಮರಿಗಳ ಹೋಲಿಕೆಗೂ ಇದೇ ನಿಯಮ. ಒಂದೇ ಹಿಂಡಿನಲ್ಲಿ, ಒಂದೇ ತಿಂಗಳ ಆಸುಪಾಸಿನಲ್ಲಿ ಹುಟ್ಟಿ, ಒಂದೇ ಮೇವಿನಲ್ಲಿ ಬೆಳೆದ ಗಂಡು ಮರಿಗಳದು ಒಂದು ಗುಂಪು. ಹೋಲಿಕೆ ಆ ಗುಂಪಿನೊಳಗೆ ಮಾತ್ರ. ಮಲಪ್ರಭಾ ಕಾಲುವೆಯ ಬದುವಿನಲ್ಲಿ ಹಸಿರು ಮೇದ ನರಗುಂದದ ಮರಿಯನ್ನು ಗಜೇಂದ್ರಗಡದ ಗುಡ್ಡದಲ್ಲಿ ಒಣಹುಲ್ಲು ಮೇದ ಮರಿಯ ಪಕ್ಕದಲ್ಲಿ ನಿಲ್ಲಿಸಿ ತೂಗಿದರೆ ತಿಳಿಯುವುದು ಮೇವಿನ ಗುಣ, ಮರಿಯ ಗುಣವಲ್ಲ.

ವಯಸ್ಸಿನ ಲೆಕ್ಕ: ಎಲ್ಲ ಮರಿಗಳನ್ನೂ ಒಂದೇ ದಿನ ತೂಗುವುದು ಅನುಕೂಲ. ಆದರೆ ಆ ದಿನ ಒಂದೊಂದರ ವಯಸ್ಸು ಒಂದೊಂದು. ಆದ್ದರಿಂದ ತೂಕವನ್ನು 90 ದಿನಕ್ಕೆ ಸರಿಹೊಂದಿಸಬೇಕು. ಕ್ರಮ ಹೀಗಿದೆ: ತೂಗಿದ ದಿನದ ತೂಕದಿಂದ ಹುಟ್ಟು ತೂಕವನ್ನು ಕಳೆಯಿರಿ. ಬಂದದ್ದನ್ನು ಮರಿಯ ವಯಸ್ಸಿನ ದಿನಗಳಿಂದ ಭಾಗಿಸಿರಿ. ಇದು ದಿನದ ಬೆಳವಣಿಗೆ. ಇದನ್ನು 90ರಿಂದ ಗುಣಿಸಿ ಹುಟ್ಟು ತೂಕವನ್ನು ಮತ್ತೆ ಕೂಡಿಸಿರಿ.

ತಿಳಿವಳಿಕೆಗಾಗಿ ಒಂದು ಲೆಕ್ಕ ನೋಡೋಣ. ಎರಡು ಮರಿಗಳಿವೆ, ಎರಡರ ಹುಟ್ಟು ತೂಕವೂ 2.8 ಕಿ.ಗ್ರಾಂ. ಎಂದಿಟ್ಟುಕೊಳ್ಳಿ.

ಮೊದಲನೆಯ ಮರಿ: ವಯಸ್ಸು 105 ದಿನ, ತೂಕ 12.4 ಕಿ.ಗ್ರಾಂ. ಹುಟ್ಟಿದ ಮೇಲೆ ಬೆಳೆದದ್ದು 9.6 ಕಿ.ಗ್ರಾಂ. ದಿನಕ್ಕೆ ಸುಮಾರು 91 ಗ್ರಾಂ. 90 ದಿನದ ತೂಕ ಸುಮಾರು 11.0 ಕಿ.ಗ್ರಾಂ.

ಎರಡನೆಯ ಮರಿ: ವಯಸ್ಸು 84 ದಿನ, ತೂಕ 11.2 ಕಿ.ಗ್ರಾಂ. ಹುಟ್ಟಿದ ಮೇಲೆ ಬೆಳೆದದ್ದು 8.4 ಕಿ.ಗ್ರಾಂ. ದಿನಕ್ಕೆ 100 ಗ್ರಾಂ. 90 ದಿನದ ತೂಕ 11.8 ಕಿ.ಗ್ರಾಂ.

ತಕ್ಕಡಿಯಲ್ಲಿ ಮೊದಲನೆಯದು ಹೆಚ್ಚು ತೂಗಿತು, ಕಣ್ಣಿಗೂ ಅದೇ ದೊಡ್ಡದು. ಆದರೆ ಬೆಳವಣಿಗೆಯಲ್ಲಿ ಮುಂದಿರುವುದು ಎರಡನೆಯದು. ಮೂರು ವಾರ ಮೊದಲು ಹುಟ್ಟಿದ್ದೇ ಮೊದಲನೆಯ ಮರಿಯ ದೊಡ್ಡಸ್ತಿಕೆ. ಹುಟ್ಟಿದ ದಿನವನ್ನು ಬರೆದಿಡದ ಹಿಂಡಿನಲ್ಲಿ ಈ ತಪ್ಪು ಪ್ರತಿ ವರ್ಷವೂ ಆಗುತ್ತಿರುತ್ತದೆ. ಆರು ತಿಂಗಳ ತೂಕವನ್ನೂ ಇದೇ ರೀತಿ 180 ದಿನಕ್ಕೆ ಸರಿಹೊಂದಿಸಬಹುದು.

ಅವಳಿ ಮತ್ತು ಚೊಚ್ಚಲು ಮರಿಗಳು: ಅವಳಿಯಾಗಿ ಹುಟ್ಟಿದ ಮರಿಯನ್ನು ಒಂಟಿ ಮರಿಯೊಂದಿಗೆ ನೇರವಾಗಿ ಹೋಲಿಸಬಾರದು. ಅವಳಿಗಳನ್ನು ಅವಳಿಗಳೊಂದಿಗೆ, ಚೊಚ್ಚಲು ಕುರಿಯ ಮರಿಗಳನ್ನು ಅಂಥವೇ ಮರಿಗಳೊಂದಿಗೆ ಹೋಲಿಸಬೇಕು. ಅವಳಿ ಮರಿಯೊಂದು ಆರು ತಿಂಗಳಿಗೆ ಒಂಟಿ ಮರಿಗಳ ಸರಾಸರಿಯನ್ನು ಮುಟ್ಟಿದರೆ ಅದನ್ನು ವಿಶೇಷವಾಗಿ ಗಮನಿಸಬೇಕು. ಅರ್ಧ ಹಾಲು ಕುಡಿದು ಪೂರ್ತಿ ಬೆಳೆದ ಮರಿ ಅದು.

ಕಾಯಿಲೆಯಾದ ಮರಿಗಳು: ಕರುಳು ಬೇನೆ, ಪಿ.ಪಿ.ಆರ್., ಜಂತುಬಾಧೆಗಳಿಗೆ ಸಿಕ್ಕ ಮರಿಯ ತೂಕ ಅದರ ವಂಶಗುಣವನ್ನು ಹೇಳುವುದಿಲ್ಲ. ಲಸಿಕೆ ಮತ್ತು ಜಂತುನಾಶಕ ಔಷಧಿಗಳನ್ನು ಎಲ್ಲ ಮರಿಗಳಿಗೂ ಒಂದೇ ಕಾಲಕ್ಕೆ ಕೊಡಿಸಿದಲ್ಲಿ ಮಾತ್ರ ಹೋಲಿಕೆ ನಂಬಲರ್ಹ.

ತೂಗುವ ಮತ್ತು ಬರೆಯುವ ಕ್ರಮ

ಇದಕ್ಕೆ ದೊಡ್ಡ ಸಲಕರಣೆ ಬೇಕಿಲ್ಲ. ಗಿಡದ ಟೊಂಗೆಗೆ ತೂಗುಹಾಕಿದ ಒಂದು ಸ್ಪ್ರಿಂಗ್ ತಕ್ಕಡಿ, ಮರಿಯನ್ನು ಕೂಡಿಸಲು ಒಂದು ಗೋಣಿತಟ್ಟಿನ ಜೋಳಿಗೆ ಸಾಕು. ಬೆಳಿಗ್ಗೆ ಮೇಯಲು ಬಿಡುವ ಮೊದಲು, ನೀರು ಕುಡಿಸುವ ಮೊದಲು ತೂಗಬೇಕು. ಮೇದು ಬಂದ ಮರಿಯ ಹೊಟ್ಟೆಯಲ್ಲಿನ ಹುಲ್ಲು ನೀರನ್ನು ಬೆಳವಣಿಗೆಯೆಂದು ತಿಳಿಯುವ ಅಪಾಯವಿದೆ. ಗಂಡು ಮರಿಗಳ ಕಿವಿಗೆ ನಂಬರಿನ ಬಿಲ್ಲೆ ಹಾಕಿಸಬೇಕು.

ನೋಟ್ ಪುಸ್ತಕದಲ್ಲಿ ಮರಿಯ ನಂಬರು, ತಾಯಿಯ ಗುರುತು, ತಂದೆ ಟಗರು, ಹುಟ್ಟಿದ ದಿನಾಂಕ, ಒಂಟಿಯೋ ಅವಳಿಯೋ, ತಾಯಿಗೆ ಎಷ್ಟನೆಯ ಸೂಲು, ಹುಟ್ಟು ತೂಕ, ಮೂರು ತಿಂಗಳ ತೂಕ, ಆರು ತಿಂಗಳ ತೂಕ ಇವಿಷ್ಟನ್ನು ಬರೆದರೆ ಸಾಕು. ಮನೆಯಲ್ಲಿ ಶಾಲೆಗೆ ಹೋಗುವ ಹುಡುಗ ಹುಡುಗಿಯರಿಗೆ ಈ ಕೆಲಸ ವಹಿಸಬಹುದು. ಹಿಂಡು ವಲಸೆ ಹೋಗುವಾಗ ಪುಸ್ತಕವೂ ಹಿಂಡಿನ ಜೊತೆಗೇ ಹೋಗಬೇಕು. ತಕ್ಕಡಿ ಇಲ್ಲದ ಕಡೆ ಮುಂಗಾಲುಗಳ ಹಿಂದಿನಿಂದ ಎದೆಯ ಸುತ್ತಳತೆಯನ್ನು ಟೇಪಿನಿಂದ ತೆಗೆದು, ಒಂದೇ ವಯಸ್ಸಿನ ಮರಿಗಳನ್ನು ಹೋಲಿಸಬಹುದು. ತಕ್ಕಡಿಯಷ್ಟು ನಿಖರವಲ್ಲದಿದ್ದರೂ ಬರೀ ಕಣ್ಣಂದಾಜಿಗಿಂತ ಇದು ಮೇಲು.

ಲಾಭ ಎಷ್ಟು?

ಅತಿಶಯೋಕ್ತಿಯಿಂದ ರೈತರಿಗೆ ಉಪಕಾರವಾಗುವುದಿಲ್ಲ. ಆದ್ದರಿಂದ ಒಂದು ಸಾಧಾರಣ ಲೆಕ್ಕವನ್ನು ಮುಂದಿಡುತ್ತೇನೆ. ಒಂದು ಹಿಂಡಿನ ಗಂಡು ಮರಿಗಳ ಆರು ತಿಂಗಳ ಸರಾಸರಿ ತೂಕ 16 ಕಿ.ಗ್ರಾಂ. ಎಂದುಕೊಳ್ಳೋಣ. ಅವುಗಳಲ್ಲಿ 20 ಕಿ.ಗ್ರಾಂ. ತೂಗಿದ ಮರಿಯನ್ನು ಬೀಜಕ್ಕೆ ಉಳಿಸಿಕೊಂಡರೆ ಅದು ಸರಾಸರಿಗಿಂತ 4 ಕಿ.ಗ್ರಾಂ. ಮುಂದಿದೆ. ಅನುವಂಶೀಯ ಪ್ರಮಾಣ ನೂರಕ್ಕೆ 25 ಎಂದು ಹಿಡಿದರೆ, ಈ ನಾಲ್ಕರಲ್ಲಿ ವಂಶದ್ದೆಂದು ನಂಬಬಹುದಾದದ್ದು 1 ಕಿ.ಗ್ರಾಂ. ಮರಿಗೆ ತಂದೆಯಿಂದ ಬರುವುದು ಅರ್ಧ ಪಾಲು. ಅಂದರೆ ಪ್ರತಿ ಮರಿಗೆ ಸರಾಸರಿ ಅರ್ಧ ಕಿ.ಗ್ರಾಂ. ಹೆಚ್ಚು ತೂಕ.

ಇದಕ್ಕೆ ಬದಲಾಗಿ ಯಾರೂ ಕೊಳ್ಳದೆ ಉಳಿದ 14 ಕಿ.ಗ್ರಾಂ. ಮರಿಯೇ ಟಗರಾದರೆ, ಅದು ಸರಾಸರಿಗಿಂತ 2 ಕಿ.ಗ್ರಾಂ. ಹಿಂದೆ. ಅದೇ ಲೆಕ್ಕದಲ್ಲಿ ಪ್ರತಿ ಮರಿಗೆ ಕಾಲು ಕಿ.ಗ್ರಾಂ. ನಷ್ಟ. ಎರಡು ಟಗರುಗಳ ನಡುವಿನ ಅಂತರ ಮರಿಯೊಂದಕ್ಕೆ ಮುಕ್ಕಾಲು ಕಿ.ಗ್ರಾಂ. ವರ್ಷಕ್ಕೆ 25 ಮರಿಗಳಾದರೆ ಸುಮಾರು 19 ಕಿ.ಗ್ರಾಂ. ಆಯಿತು. ಅಂದರೆ ಆರು ತಿಂಗಳ ಒಂದು ಇಡೀ ಮರಿಗಿಂತ ಹೆಚ್ಚಿನ ತೂಕ! ಇದಕ್ಕೆ ಮೇವಿನ ಖರ್ಚು ಸ್ವಲ್ಪ ಹೆಚ್ಚಾದೀತು. ಆದರೆ ಲಾಭ ಅಲ್ಲಿಗೇ ನಿಲ್ಲುವುದಿಲ್ಲ. ಆ ಟಗರಿನ ಹೆಣ್ಣು ಮರಿಗಳು ಹಿಂಡಿನಲ್ಲಿ ಉಳಿದು ಅದೇ ಗುಣವನ್ನು ತಮ್ಮ ಮರಿಗಳಿಗೆ ಕೊಡುತ್ತವೆ. ಮುಂದಿನ ಟಗರನ್ನೂ ಹೀಗೆಯೇ ಆರಿಸಿದರೆ ಗಳಿಕೆಯ ಮೇಲೆ ಗಳಿಕೆ ಕೂಡುತ್ತದೆ. ಹಿಮ್ಮುಖ ಆಯ್ಕೆಯಲ್ಲಿ ನಷ್ಟದ ಮೇಲೆ ನಷ್ಟ ಕೂಡುತ್ತದೆ. ಆ ಹಿರಿಯರು "ವರ್ಷಾ ವರ್ಷಾ ಸಣ್ಣಾಗಾಕತ್ತಾವು" ಎಂದದ್ದರಲ್ಲಿ ಈ ಲೆಕ್ಕವೂ ಅಡಗಿದೆ.

ತೂಕವೊಂದೇ ಸಾಲದು

ಆರು ತಿಂಗಳ ತೂಕದಲ್ಲಿ ಮುಂದಿರುವ ಮರಿಯಲ್ಲಿ ಕೆಳಗಿನ ಅಂಶಗಳನ್ನೂ ಪರೀಕ್ಷಿಸಬೇಕು.

1. ಕಾಲುಗಳು ನೆಟ್ಟಗಿದ್ದು ಗೊರಸು ಗಟ್ಟಿಯಾಗಿರಬೇಕು. ದಿನವೂ ಹಲವು ಮೈಲಿ ನಡೆಯುವ ಹಿಂಡಿಗೆ ಕಾಲು ಸೋತ ಟಗರು ಹೊರೆ.

2. ಎರಡು ವೃಷಣಗಳೂ ಕೆಳಗೆ ಇಳಿದು, ಸಮನಾಗಿ, ಗಟ್ಟಿಯಾಗಿರಬೇಕು. ಒಂದೇ ವೃಷಣವಿರುವ ಮರಿಯನ್ನು ಎಷ್ಟೇ ತೂಕವಿದ್ದರೂ ಬೀಜಕ್ಕೆ ಬಿಡಬಾರದು.

3. ಮೇಲಿನ ಮತ್ತು ಕೆಳಗಿನ ದವಡೆ ಒಂದಕ್ಕೊಂದು ಕೂಡಿರಬೇಕು. ದವಡೆ ಹೊಂದದ ಮರಿ ಗಿಡ್ಡ ಹುಲ್ಲನ್ನು ಮೇಯಲಾರದು.

4. ತಾಯಿ ಕುರಿ ನಿಯಮಿತವಾಗಿ ಮರಿ ಹಾಕಿ, ಹಾಕಿದ ಮರಿಯನ್ನು ಉಳಿಸಿಕೊಂಡು ಬಂದಿರಬೇಕು.

5. ಮೈದೊಡ್ಡದು ಮಾಡುವುದೊಂದೇ ಗುರಿಯಾಗಬಾರದು. ಬೇಗ ಬೆಳೆಯುವ ಟಗರಿನ ಹೆಣ್ಣು ಮರಿಗಳು ದೊಡ್ಡವಾದಾಗ ಮೇವನ್ನೂ ಹೆಚ್ಚು ಬೇಡುತ್ತವೆ. ಬೇಸಿಗೆಯಲ್ಲಿ ಮೇವು ಸಾಲದ ಕಡೆ ಆರು ತಿಂಗಳಿಗೆ ಬೇಗ ಬೆಳೆದು, ಅನಂತರ ಮಧ್ಯಮ ಗಾತ್ರದಲ್ಲಿ ನಿಲ್ಲುವ ಕುರಿಯೇ ಲಾಭದಾಯಕ.

ಮಾರಾಟದ ತೊಂದರೆಗೆ ಪರಿಹಾರ

"ಒಳ್ಳೆಯ ಮರಿಯನ್ನೇ ಇಟ್ಟುಕೊಂಡರೆ ಮನೆಯ ಖರ್ಚಿಗೆ ಏನು ಮಾಡುವುದು?" ಎಂಬ ಪ್ರಶ್ನೆ ಸಹಜವಾದದ್ದು. ಶಾಲೆಯ ಶುಲ್ಕ, ಆಸ್ಪತ್ರೆ, ಬಿತ್ತನೆಯ ಖರ್ಚು ಎದುರು ನಿಂತಾಗ ಸಂತೆಗೆ ಹೋಗುವುದು ಕೂಡಲೆ ಹಣ ತರುವ ಮರಿಯೇ. ಇದು ಕುರಿಗಾರನ ಅಜ್ಞಾನವಲ್ಲ, ಅಡಚಣೆ. ಆದ್ದರಿಂದ ಎರಡು ಜರಡಿಗಳ ಕ್ರಮವನ್ನು ಅನುಸರಿಸುವುದು ಲೇಸು.

ಮೂರು ತಿಂಗಳ ತೂಕವಾದ ಮೇಲೆ, ಸರಿಹೊಂದಿಸಿದ ಲೆಕ್ಕದಲ್ಲಿ ಮುಂದಿರುವ ಮೂರು ನಾಲ್ಕು ಗಂಡು ಮರಿಗಳನ್ನು ಮಾತ್ರ ತಡೆದು, ಉಳಿದವನ್ನು ಮಾರಬಹುದು. ಒಳ್ಳೆಯ ಅವಳಿ ಮರಿಯಿದ್ದರೆ ಒಂದನ್ನು ಈ ಮೂರು ನಾಲ್ಕರಲ್ಲಿ ಸೇರಿಸಿಕೊಳ್ಳಬೇಕು. ಆರು ತಿಂಗಳಿಗೆ ಮತ್ತೆ ತೂಗಿ ಒಂದನ್ನು ಹಿಂಡಿಗೆ ಇಟ್ಟುಕೊಂಡು ಉಳಿದವನ್ನು ಮಾರಬೇಕು. ಆ ವೇಳೆಗೆ ಅವುಗಳ ತೂಕವೂ ಏರಿರುತ್ತದೆ. ಹೀಗಾಗಿ ನಿಜವಾಗಿ ಕೈಬಿಡುವುದು ಒಂದೇ ಒಂದು ಮರಿಯ ಬೆಲೆ. ಹಿಂಡಿನಲ್ಲೇ ಉಳಿದುಕೊಂಡ, ಬೀಜಕ್ಕೆ ಬೇಡವಾದ ಗಂಡು ಮರಿಗಳನ್ನು ಪಶುವೈದ್ಯರಿಂದ ಹಿಡ ಮಾಡಿಸಬೇಕು. ಇಲ್ಲವಾದರೆ ಆರಿಸಿದ ಟಗರಿಗಿಂತ ಮೊದಲು ಇವೇ ಕುರಿಗಳನ್ನು ಹಾರಿ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಆರಿಸಿದ ಟಗರನ್ನು ಸುಮಾರು ಒಂದೂವರೆ ವರ್ಷ ತುಂಬಿದ ಮೇಲೆ ಪೂರ್ಣ ಬಳಕೆಗೆ ಬಿಡಬೇಕು.

ಐದಾರು ಹಿಂಡಿನವರು ಕೂಡಿದರೆ

ಒಂದು ಸಣ್ಣ ಹಿಂಡಿನಲ್ಲಿ ವರ್ಷಕ್ಕೆ ಹುಟ್ಟುವ ಗಂಡು ಮರಿಗಳು ಹತ್ತು ಹನ್ನೆರಡು. ಇಷ್ಟರಲ್ಲಿ ಆಯ್ಕೆಗೆ ಅವಕಾಶ ಕಡಿಮೆ. ಅಲ್ಲದೆ ಅದೇ ಹಿಂಡಿನ ಟಗರನ್ನು ಅದರ ತಾಯಿ, ಅಕ್ಕ ತಂಗಿ, ಮಗಳ ಮೇಲೆ ಬಿಡುತ್ತ ಹೋದರೆ ರಕ್ತಸಂಬಂಧ ದೋಷದಿಂದ ಮರಿಗಳು ಬಲಗುಂದುತ್ತವೆ. ಆದ್ದರಿಂದ ನೆರೆಯ ಐದಾರು ಹಿಂಡಿನವರು ಕೂಡುವುದು ಉತ್ತಮ. ಪ್ರತಿಯೊಬ್ಬರೂ ಮೂರು ತಿಂಗಳ ಲೆಕ್ಕದಲ್ಲಿ ಮುಂದಿರುವ ಎರಡು ಮರಿಗಳನ್ನು ತಂದು, ಎಲ್ಲವನ್ನೂ ಒಂದೇ ಕಡೆ ಒಂದೇ ಮೇವಿನಲ್ಲಿ ಮೂರು ತಿಂಗಳು ಬೆಳೆಸಬೇಕು. ಹೊರದೇಶಗಳಲ್ಲಿ ಹೋರಿಗಳಿಗೆಂದು ನಡೆಸುವ ಸಾಮೂಹಿಕ ಬೆಳವಣಿಗೆ ಪರೀಕ್ಷೆ ಇದೇ ಬಗೆಯದು. ಆರಂಭದ ಕೆಲವು ವಾರಗಳಲ್ಲಿ ಹಳೆಯ ಹಿಂಡಿನ ಮೇವಿನ ಪ್ರಭಾವ ಇದ್ದೇ ಇರುತ್ತದೆ. ಆದ್ದರಿಂದ ಕೂಡಿಬಂದ ಎರಡು ವಾರಗಳ ನಂತರ ಒಮ್ಮೆ ತೂಗಿ, ಅಲ್ಲಿಂದ ಮುಂದಿನ ಬೆಳವಣಿಗೆಯನ್ನು ಎಣಿಸಬೇಕು. ಕೊನೆಯಲ್ಲಿ ಮುಂದೆ ಬಂದ ಟಗರುಗಳನ್ನು ಹಿಂಡುಗಳ ನಡುವೆ ಅದಲು ಬದಲು ಮಾಡಿಕೊಂಡರೆ ಎರಡು ವರ್ಷಕ್ಕೊಮ್ಮೆ ರಕ್ತವೂ ಬದಲಾಗುತ್ತದೆ, ಗುಣವೂ ಏರುತ್ತದೆ. ಕೊನೆಯ ಸಾಕ್ಷಿ ಮಾತ್ರ ಟಗರಿನ ಮರಿಗಳದೇ. ಎರಡು ಟಗರುಗಳ ಮರಿಗಳನ್ನು ಒಂದೇ ಹಂಗಾಮಿನಲ್ಲಿ ತೂಗಿ ನೋಡಿದಾಗ ಆಯ್ಕೆ ಸರಿಯೋ ತಪ್ಪೋ ತಾನಾಗಿಯೇ ತಿಳಿಯುತ್ತದೆ.

ಇದೇ ಮಾತು ಉಳುಮೆಯ ದನಕ್ಕೂ ಅನ್ವಯಿಸುತ್ತದೆ. ಖಿಲಾರಿ ಹೋರಿಗರುಗಳಲ್ಲಿ ಒಳ್ಳೆಯದನ್ನು ಎತ್ತು ಮಾಡಿ ಮಾರಿ, ಉಳಿದುದನ್ನು ಬೀಜಕ್ಕೆ ಬಿಟ್ಟರೆ ತಳಿ ಕೆಡುತ್ತದೆ. ದನದಲ್ಲಿ ಪೀಳಿಗೆ ಬದಲಾಗಲು ಹಲವು ವರ್ಷ ಬೇಕು. ಕುರಿಯಲ್ಲಿ ತಪ್ಪನ್ನು ಬೇಗ ತಿದ್ದಿಕೊಳ್ಳಬಹುದು.

ವಿಸ್ತರಣಾ ಕಾರ್ಯಕರ್ತರು ಒಂದೊಂದು ಗ್ರಾಮದಲ್ಲಿ ಒಂದು ತಕ್ಕಡಿ ಮತ್ತು ಒಂದು ತೂಕದ ಪುಸ್ತಕದಿಂದ ಈ ಕೆಲಸವನ್ನು ಆರಂಭಿಸಬಹುದು. ಕಿವಿ ಬಿಲ್ಲೆ, ಲಸಿಕೆ ಮತ್ತು ಹಿಡ ಮಾಡಿಸುವುದಕ್ಕೆ ಹತ್ತಿರದ ಪಶು ಆಸ್ಪತ್ರೆಯನ್ನೂ, ಹೆಚ್ಚಿನ ಸಲಹೆಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವನ್ನೂ ಸಂಪರ್ಕಿಸಬಹುದು.

ನೆನಪಿಡಬೇಕಾದ ಅಂಶಗಳು

1. ಮರಿ ಹುಟ್ಟಿದ ದಿನಾಂಕ ಮತ್ತು ತೂಕವನ್ನು ಅಂದೇ ಬರೆಯಿರಿ.

2. ಮೂರು ತಿಂಗಳ ತೂಕದಿಂದ ಮೂರು ನಾಲ್ಕು ಮರಿಗಳನ್ನು ತಡೆಯಿರಿ; ಆರು ತಿಂಗಳ ತೂಕದಿಂದ ಒಂದನ್ನು ಆರಿಸಿರಿ.

3. ವಯಸ್ಸಿಗೆ ಸರಿಹೊಂದಿಸದ ತೂಕವನ್ನು ನಂಬಬೇಡಿರಿ.

4. ಒಂದೇ ಹಿಂಡಿನ, ಒಂದೇ ಹಂಗಾಮಿನ ಮರಿಗಳನ್ನು ಮಾತ್ರ ಹೋಲಿಸಿರಿ. ಅವಳಿ ಮತ್ತು ಚೊಚ್ಚಲು ಮರಿಗಳಿಗೆ ಅನ್ಯಾಯ ಮಾಡಬೇಡಿರಿ.

5. ಕಾಲು, ವೃಷಣ, ದವಡೆ ಮತ್ತು ತಾಯಿಯ ಇತಿಹಾಸವನ್ನು ಪರೀಕ್ಷಿಸದೆ ಟಗರನ್ನು ಬಿಡಬೇಡಿರಿ.

6. ಬೇಡವಾದ ಗಂಡು ಮರಿಗಳನ್ನು ಕಾಲಕ್ಕೆ ಸರಿಯಾಗಿ ಮಾರಿರಿ ಇಲ್ಲವೆ ಹಿಡ ಮಾಡಿಸಿರಿ. ಎರಡು ವರ್ಷಕ್ಕೊಮ್ಮೆ ಟಗರನ್ನು ಬದಲಿಸಿರಿ.

ಬಿತ್ತನೆಗೆ ತುಂಬಿದ ತೆನೆಯನ್ನು ಎತ್ತಿಡುವ ವಿವೇಕ ನಮ್ಮ ಒಕ್ಕಲು ಮಕ್ಕಳಿಗೆ ಹೊಸದಲ್ಲ. ಆ ವಿವೇಕವನ್ನು ಕುರಿ ದೊಡ್ಡಿಗೂ ಒಯ್ಯಬೇಕಾಗಿದೆ. ಸಂತೆಗೆ ಹೊರಟ ಮರಿಗಳಲ್ಲಿ ಒಂದನ್ನು, ಅದೂ ಎಲ್ಲಕ್ಕಿಂತ ಒಳ್ಳೆಯದನ್ನು, ಮರಳಿ ದೊಡ್ಡಿಗೆ ಹೊಡೆದುಕೊಂಡು ಬಂದ ದಿನದಿಂದ ಹಿಂಡಿನ ಸುಧಾರಣೆ ಆರಂಭವಾಗುತ್ತದೆ.